ಒಂದು ಚಿತ್ರಕ್ಕೆ ಒಂದು ಗಳಿಗೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಸಂಸಾರವಂದಿಗರಿಗೆ ಮೈಸೂರೆಂದರೆ ಒಂದೇ ದಿನದ ಪ್ರಯಾಣ. ಬೆಳಗ್ಗೆ ಬಸ್ಸಿಳಿದು ಸಂಜೆಯೊಳಗಾಗಿ ಬೆಟ್ಟ, ಅರಮನೆ, ಮೃಗಾಲಯ, ದೇವರಾಜ ಮಾರುಕಟ್ಟೆ ಎಲ್ಲವೂ ಮುಗಿಯಬೇಕು. ನಡುವೆ ಅರ್ಧ ಗಂಟೆ ಮಿಕ್ಕರೆ ಜಗನ್ಮೋಹನ ಅರಮನೆ. 1861ರಲ್ಲಿ ಕಟ್ಟಿದ ಈ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು. ಅಲ್ಲಿ ನಮ್ಮವರು ಚಿತ್ರ ನೋಡುವ ಬಗೆಯನ್ನು ವಾಚಕರು ಬಲ್ಲರು. ಮಕ್ಕಳು ಗೊಂಬೆಗಳ ಗಡಿಯಾರದ ಮುಂದೆ, ಹಿರಿಯರು ಅಕ್ಕಿಕಾಳಿನ ಮೇಲಣ ಚಿತ್ರದ ಮುಂದೆ. ಉಳಿದ ಗೋಡೆಗಳೆಲ್ಲ ಓರೆಗಣ್ಣಿನ ಪಾಲು. ಏನು ನೋಡಿದಿರೆಂದು ಕೇಳಿದರೆ, “ದೀಪ ಹಿಡಿದ ಹೆಂಗಸನ್ನು ನೋಡಿದೆವು, ರವಿವರ್ಮನದು” ಎನ್ನುವರು.

ಅದು ರವಿವರ್ಮರದಲ್ಲ. ಅವರು 1906ರಲ್ಲಿಯೇ ಕಾಲವಾದರು. ಈ ಚಿತ್ರವನ್ನು ಎಸ್. ಎಲ್. ಹಲ್ದಂಕರ್ ಎಂಬ ಮರಾಠಿ ಕಲಾವಿದರು 1945-46ರ ಸುಮಾರಿನಲ್ಲಿ ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಬರೆದರು. ಅದೂ ಎಣ್ಣೆಬಣ್ಣದಲ್ಲಲ್ಲ, ಕಾಗದದ ಮೇಲೆ ನೀರುಬಣ್ಣದಲ್ಲಿ. ಈ ಭೇದ ಅಲ್ಪವಾದದ್ದಲ್ಲ. ಎಣ್ಣೆಬಣ್ಣದಲ್ಲಿ ಕಪ್ಪಿನ ಮೇಲೆ ಬಿಳುಪನ್ನು ಹಚ್ಚಿ ಬೆಳಕು ತರಬಹುದು. ನೀರುಬಣ್ಣದಲ್ಲಿಯಾದರೋ ಕಾಗದದ ಬಿಳುಪೇ ಬೆಳಕು. ಅದನ್ನು ಮೊದಲಿನಿಂದಲೂ ಕಾಯ್ದುಕೊಂಡು ಬರಬೇಕು, ಒಮ್ಮೆ ಕಪ್ಪು ಹರಿಯಿತೆಂದರೆ ಮರಳಿ ಪಡೆಯುವುದು ಬಲು ಕಷ್ಟ. ದೀಪದ ಬೆಳಕು ಎಲ್ಲೆಲ್ಲಿ ಬೀಳುವುದೆಂಬುದನ್ನು ಕುಂಚ ನೆನೆಯುವ ಮುನ್ನವೇ ಮನಸ್ಸು ನಿಶ್ಚಯಿಸಿರಬೇಕಷ್ಟೆ.

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ನೋಡುವವರನ್ನೇ ವಿಂಗಡಿಸುತ್ತದೆ: ಆಚಾರ್ಯರಿಗೆ ರೇಖೆಯ ಮೇಲೆ ಕಣ್ಣು, ವಿಚಕ್ಷಣರಿಗೆ ನೆರಳುಬೆಳಕಿನ ವರ್ತನೆಯ ಮೇಲೆ, ಸ್ತ್ರೀಯರಿಗೋ ಆಭರಣದ ಮೇಲಂತೆ. ಶಾಸ್ತ್ರಕಾರರಲ್ಲಿ ನಮಗೆ ಭಕ್ತಿಯುಂಟು. ಆದರೆ ಈ ಕೊನೆಯ ಮಾತನ್ನು ಒಪ್ಪಲಾರೆವು. ಕಳೆದ ವರ್ಷ ನಮ್ಮೊಡನೆ ಅಕ್ಕನವರು ಬಂದಿದ್ದರು. ಎಪ್ಪತ್ತು ದಾಟಿದವರು, ಪಿರಿಯಾಪಟ್ಟಣದ ಕಡೆಯ ಹಳ್ಳಿಯಲ್ಲಿ ಬಾಳಿದವರು. ಒಂದು ಕಣ್ಣಿಗೆ ಆಗಲೇ ಪೊರೆ. ಮನೆಯವರೆಲ್ಲ ಮುಂದೆ ನಡೆದರೂ ಅವರು ಈ ಚಿತ್ರದ ಎದುರಿನಿಂದ ಕದಲಲಿಲ್ಲ. ಹತ್ತಿರ ಹೋದಾಗ, “ಬೆರಳು ನೋಡೋ ತಮ್ಮ, ಒಳಗಿನ ರಕ್ತ ಕಾಣುತ್ತೆ. ಗಾಳಿಗೆ ಕೈ ಅಡ್ಡ ಹಿಡಿದಿದಾಳೆ, ತುಳಸಿಕಟ್ಟೆಗೆ ಹೊರಟವಳು” ಎಂದರು. ವರ್ತನೆಯೆಂದರೆ ಇದೇ ಅಲ್ಲವೆ? ಐವತ್ತು ವರ್ಷ ಸಂಜೆಯ ಸೊಡರಿಗೆ ಅಂಗೈ ಮರೆಮಾಡಿದವರಿಗೆ ಅದನ್ನು ಯಾವ ಪಂಡಿತನೂ ಹೇಳಿಕೊಡಬೇಕಾಗಿಲ್ಲ. ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಇರುಳೆಲ್ಲ ಬೆಂಕಿ ಕಾಯುವ ನಮ್ಮ ರೈತರೂ ಕೆಳಗಿನಿಂದ ಮುಖಕ್ಕೆ ಬೀಳುವ ಕೆಂಬೆಳಕನ್ನು ಬಲ್ಲರು. ಅಂಥವರೇ ಚಿತ್ರಶಾಲೆಯ ಬಾಗಿಲಲ್ಲಿ “ಇದು ಓದಿದವರಿಗೆ” ಎಂದು ಹಿಂಜರಿಯುವರು!

ಅಷ್ಟರಲ್ಲಿ ಬಸ್ಸು ತಪ್ಪುವುದೆಂದು ಹುಡುಗರು ಅಕ್ಕನವರ ಕೈಹಿಡಿದು ಕರೆದೊಯ್ದರು. ಅವರು ತಿರುತಿರುಗಿ ನೋಡುತ್ತಲೇ ಹೊರಟರು.

ಆದಕಾರಣ ನಮ್ಮ ಸೂಚನೆ ಇಷ್ಟೆ. ಚಿತ್ರಶಾಲೆಯನ್ನೆಲ್ಲ ನೋಡುವ ಹಟ ಬೇಡ. ಒಂದು ಚಿತ್ರಕ್ಕೆ ಒಂದು ಗಳಿಗೆ, ಎಂದರೆ 24 ನಿಮಿಷ, ಕೊಟ್ಟು ನೋಡಬೇಕು. ಮೊದಲು ಮುಖ ಕಾಣುವುದು. ಬಳಿಕ ಬೇಸರ ಬರುವುದು, ಕಾಲು ಮುಂದಕ್ಕೆಳೆಯುವುದು. ಬಹುಮಂದಿ ಹೊರಡುವುದು ಆಗಲೇ. ತಡೆದು ನಿಂತವರಿಗೆ ಬೆರಳು, ಸೆರಗಿನ ಮಡಿಕೆ, ಹಿಂದಣ ಕತ್ತಲೆ ಒಂದೊಂದಾಗಿ ತೆರೆಯುವುವು. ಮಕ್ಕಳಿಗೆ ಉಪನ್ಯಾಸ ಬೇಡ, “ಬೆಳಕು ಎಲ್ಲಿಂದ ಬರುತ್ತಿದೆ?” ಎಂದು ಕೇಳಿ ಸುಮ್ಮನಿರಬೇಕು. (ಉಪಾಧ್ಯಾಯರಾಗಿದ್ದವರಿಗೆ ಸುಮ್ಮನಿರುವುದೇ ಪ್ರಯಾಸ.)

ಹೊತ್ತೆಲ್ಲಿಂದ ಬರಬೇಕೆಂದು ತಾಯಂದಿರು ಕೇಳುವರು. ಮೃಗಾಲಯವನ್ನು ಬಿಡುವುದು ಬೇಡ, ಮಕ್ಕಳು ಅಳುವರು. ಮಾರುಕಟ್ಟೆಯ ಚೌಕಾಸಿಯಲ್ಲಿ ಒಂದು ಗಳಿಗೆ ಕಳೆದರಾಯಿತು. ವಯಸ್ಸಾದವರು ಜೊತೆಯಲ್ಲಿದ್ದರೆ ಬೆಟ್ಟಕ್ಕೂ ಮೊದಲು, ಕಾಲು ಸೋಲುವ ಮುನ್ನ, ಅವರನ್ನು ಜಗನ್ಮೋಹನಕ್ಕೆ ಕರೆದೊಯ್ಯಬೇಕು. ಅವರು ನಿಂತಲ್ಲಿ ನಿಲ್ಲಲಿ. ಹುಡುಗರು ಗಡಿಯಾರದ ಗೊಂಬೆಗಳನ್ನು ಮತ್ತೊಮ್ಮೆ ನೋಡಿಕೊಂಡು ಬರಲಿ.