ಗೇರ್‌ಬಾಕ್ಸ್ ಇಳಿಸೋ ಮೊದಲು ಕೇಬಲ್ ನೋಡಿ

ಅಡಿಕೆ ಕೊಯ್ಲು ಹತ್ತಿರ ಬಂತು. ತೋಟದಿಂದ ಅಂಗಳಕ್ಕೆ ಕೊನೆ ಸಾಗಿಸೋಕೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರೋದು ಹಳೇ ಓಮ್ನಿ. 2019ರಲ್ಲೇ ಅದರ ತಯಾರಿಕೆ ನಿಂತಿದೆ, ಹಾಗಾಗಿ ಈಗ ಓಡ್ತಿರೋದೆಲ್ಲ ವಯಸ್ಸಾದ ಗಾಡಿಗಳೇ. ಪ್ರತಿ ವರ್ಷ ಇದೇ ಹೊತ್ತಿಗೆ ಯಾರಾದ್ರೂ ಹೇಳ್ತಾರೆ: "ಕ್ಲಚ್ ಹೋಯ್ತು ಮಾರಾಯ್ರೆ, ಸೆಟ್ಟೇ ಹಾಕ್ಬೇಕಂತೆ."

ನನ್ನ ತಕರಾರು ಇರೋದು ಈ ಮಾತಿನ ಮೇಲೇ. ದನಕ್ಕೆ ಹುಷಾರಿಲ್ಲ ಅಂದ್ರೆ ಮೇವು ತಿಂತಿದ್ಯಾ, ಮೆಲುಕು ಹಾಕ್ತಿದ್ಯಾ, ಸಗಣಿ ಹೇಗಿದೆ ಅಂತ ನೋಡಿದ ಮೇಲೇ ನಾವು ಮದ್ದಿನ ಮಾತಾಡೋದು. ಗಾಡಿ ವಿಷಯಕ್ಕೆ ಬಂದ್ರೆ ಮಾತ್ರ ಕೇಳದೇ ನೋಡದೇ ಗೇರ್‌ಬಾಕ್ಸ್ ಇಳಿಸೋಕೆ ಒಪ್ಪಿಬಿಡ್ತೀವಿ. ಸಾವಿರಗಟ್ಟಲೆ ಖರ್ಚು ಒಂದು ಕಡೆ, ಕೊಯ್ದ ಕೊನೆ ತೋಟದಲ್ಲೇ ರಾಶಿ ಬಿದ್ದಿರೋದು ಇನ್ನೊಂದು ಕಡೆ.

ಕ್ಲಚ್ಚಿಗೆ ಮುಖ್ಯವಾಗಿ ಎರಡು ಕಾಯಿಲೆ, ಒಂದಕ್ಕೊಂದು ಪೂರಾ ಉಲ್ಟಾ. ಒಂದು, ಹಿಡಿಯಬೇಕಾದಾಗ ಹಿಡಿಯೋದಿಲ್ಲ. ಲೋಡ್ ಹಾಕಿ ಏರು ಹತ್ತುವಾಗ ಎಂಜಿನ್ ಸದ್ದು ಮಾತ್ರ ಏರುತ್ತೆ, ಗಾಡಿ ಏರೋದಿಲ್ಲ. ಸುಟ್ಟ ವಾಸನೆಯೂ ಬರಬಹುದು. ಇದು ಸ್ಲಿಪ್. ಇನ್ನೊಂದು, ಬಿಡಬೇಕಾದಾಗ ಬಿಡೋದಿಲ್ಲ. ಪೆಡಲ್ ಪೂರ್ತಿ ತುಳಿದ್ರೂ ಗೇರು ಬೀಳಲ್ಲ, ರಿವರ್ಸ್ ಹಾಕಿದ್ರೆ ಕರ್ರ್ ಅನ್ನುತ್ತೆ. ಎಂಜಿನ್ ಆಫ್ ಮಾಡಿ ಅದೇ ಗೇರು ಹಾಕಿ ನೋಡಿ. ಆಗ ಬೆಣ್ಣೆ ಹಾಗೆ ಬಿದ್ರೆ, ಹೆಚ್ಚಾಗಿ ತೊಂದರೆ ಗೇರ್‌ಬಾಕ್ಸಿನಲ್ಲಿಲ್ಲ, ಕ್ಲಚ್ ಬಿಡ್ತಾ ಇಲ್ಲ ಅಷ್ಟೆ.

ಈ ಎರಡನೇ ಕಾಯಿಲೆಯಲ್ಲಿ ಮೊದಲು ನೋಡಬೇಕಾದ್ದು ಕೇಬಲ್. ಓಮ್ನಿಯದ್ದು ಕೇಬಲ್ ಕ್ಲಚ್. ನಮ್ಮ ಮಳೆ, ಕೆಸರು ಎಲ್ಲ ಗಾಡಿ ಅಡಿಯಲ್ಲಿರೋ ಆ ಕೇಬಲ್ಲಿಗೇ ಹೊಡೆಯೋದು. ತುಕ್ಕು ಹಿಡಿದು ಬಿಗಿಯಾಗುತ್ತೆ, ಎಳೆ ಒಂದೊಂದೇ ಹರಿಯುತ್ತೆ, ಸಡಿಲ ಆಗುತ್ತೆ. ಹೋದ ಮಳೆಗಾಲ ನಮ್ಮ ನೆರೆಮನೆಯವರ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಓಡಿಸಿಯೂ ನೋಡದೆ ಸೆಟ್ ಬದಲಾಯಿಸಬೇಕು ಅಂದಿದ್ರು. ಅಡಿಗೆ ಮಲಗಿ ನೋಡಿದ್ರೆ ಕೇಬಲ್ಲಿನ ಎಳೆ ಅರ್ಧಕ್ಕರ್ಧ ಹರಿದಿತ್ತು. ಹೊಸ ಕೇಬಲ್ ಹಾಕಿದ್ರು, ಗಾಡಿ ಈಗಲೂ ಓಡ್ತಿದೆ. ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯಾದ್ರೆ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿರೋದೂ ಉಂಟು, ಅದು ಬೇರೆ ಕಥೆ.

ಈಗ ಸ್ಲಿಪ್ಪಿನ ಮಾತು. ಎಲ್ಲಕ್ಕಿಂತ ಹೆಚ್ಚು ಹಾಳಾಗೋದು ಇಲ್ಲೇ. ಸ್ಲಿಪ್ ಆಗ್ತಿದೆ ಅಂದ ಕೂಡಲೇ ಸ್ಪ್ಯಾನರ್ ತಗೊಂಡು ಕೇಬಲ್ ಬಿಗಿ ಮಾಡೋರಿದ್ದಾರೆ. ದಯವಿಟ್ಟು ಮಾಡಬೇಡಿ. ಬ್ರೇಕ್ ಬಿಗಿ ಮಾಡಿದ ಹಾಗಲ್ಲ ಇದು. ಪ್ಲೇಟು ಸವೆದಷ್ಟೂ ಪ್ರೆಷರ್ ಪ್ಲೇಟಿನ ಬೆರಳುಗಳು ರಿಲೀಸ್ ಬೇರಿಂಗ್ ಕಡೆಗೆ ಬರ್ತವೆ, ಕೇಬಲ್ ತಾನಾಗೇ ಬಿಗಿಯಾಗ್ತಾ ಹೋಗುತ್ತೆ. ಅದರ ಮೇಲೆ ಇನ್ನೂ ಬಿಗಿ ಮಾಡಿದ್ರೆ ಪೆಡಲನ್ನು ಸದಾ ಸ್ವಲ್ಪ ಒತ್ತಿ ಹಿಡಿದ ಹಾಗೇ ಆಗುತ್ತೆ, ಉಳಿದ ಪ್ಲೇಟೂ ಬೇಗ ಸುಡುತ್ತೆ. ಪೆಡಲನ್ನು ಕೈಯಲ್ಲಿ ಒತ್ತಿ ನೋಡಿ. ಮೊದಲು ಬೆರಳಗಲದಷ್ಟು ಹಗುರವಾಗಿ ಹೋಗಿ ಆಮೇಲೆ ಭಾರ ಸಿಗಬೇಕು. ಆ ಆಟ ಇಲ್ಲದಿದ್ರೆ ಕೇಬಲ್ ಸಡಿಲಿಸಿ ಓಡಿಸಿ ನೋಡಿ. ಎಷ್ಟೋ ಸಲ ಸ್ಲಿಪ್ ಅಲ್ಲಿಗೇ ನಿಲ್ಲುತ್ತೆ. ಹಳ್ಳ ದಾಟಿದ ಮೇಲೆ ಮಾತ್ರ ಸ್ಲಿಪ್ ಆಗಿ ಆಮೇಲೆ ಸರಿಹೋದ್ರೆ ಅದು ಒಳಗೆ ಹೋದ ನೀರು, ಗಾಬರಿ ಬೇಡ.

ಆಟ ಸರಿಯಿದ್ದೂ ಸ್ಲಿಪ್ ಆದ್ರೆ ಇನ್ನೊಂದು ಪರೀಕ್ಷೆ. ಸಮತಟ್ಟಾದ ಜಾಗ, ಗಾಡಿ ಮುಂದೆ ಯಾರೂ ಇರಬಾರದು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಮೂರನೇ ಗೇರು ಹಾಕಿ, ಸ್ವಲ್ಪವೇ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡಿ. ಎಂಜಿನ್ ತಕ್ಷಣ ಆಫ್ ಆಗಬೇಕು. ಆಗದೆ ತಿರುಗ್ತಾನೇ ಇದ್ರೆ ಕ್ಲಚ್ ಜಾರ್ತಿರೋದು ಖಾತ್ರಿ. ಒಂದೇ ಸಲ ಸಾಕು, ಮೇಲಿಂದ ಮೇಲೆ ಮಾಡಿದ್ರೆ ಈ ಪರೀಕ್ಷೆಯೇ ಪ್ಲೇಟು ಸುಡುತ್ತೆ.

ಸದ್ದಿಗೂ ಅರ್ಥ ಇದೆ. ಪೆಡಲ್ ತುಳಿದಾಗ ಗುರ್ ಅಂದ್ರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ನ್ಯೂಟ್ರಲ್ಲಿನಲ್ಲಿ ಸದ್ದಿದ್ದು ತುಳಿದಾಗ ನಿಂತ್ರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ನೋಡಬೇಕು. ಹೊಸ ಕ್ಲಚ್ ಸೆಟ್ ಹಾಕಿದ್ರೆ ಆ ಎರಡನೇ ಸದ್ದು ಹೋಗಲ್ಲ. ದುಡ್ಡು ಮಾತ್ರ ಹೋಗುತ್ತೆ.

ನಾನು ಮೆಕ್ಯಾನಿಕ್ಕರ ವಿರುದ್ಧ ಅಲ್ಲ. ಅವರಿಗೂ ದಿನಕ್ಕೆ ಹತ್ತು ಗಾಡಿ. ನೀವು "ಕ್ಲಚ್ ಹೋಯ್ತು" ಅಂದ್ರೆ ಅವರು ಸೆಟ್ ತರಿಸ್ತಾರೆ. "ಮೂರನೇ ಗೇರಲ್ಲಿ ಏರಲ್ಲಿ ಮಾತ್ರ ಜಾರ್ತಿದೆ, ಪೆಡಲಲ್ಲಿ ಆಟ ಇದೆ" ಅಂದ್ರೆ ಅವರು ನೋಡೋ ರೀತಿಯೇ ಬೇರೆ.

ಎಲ್ಲ ನೋಡಿ ಗೇರ್‌ಬಾಕ್ಸ್ ಇಳಿಸಲೇಬೇಕಾದ್ರೆ ಚೌಕಾಸಿ ಬೇಡ. ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ, ಬಿಚ್ಚೋ ಕೂಲಿ ಎರಡು ಸಲ ಯಾಕೆ? ಹಳೇ ಪ್ಲೇಟನ್ನು ಮಾತ್ರ ಕೈಗೆ ತಗೊಂಡು ನೋಡಿ. ಒಣಗಿದ್ದು ರಿವೆಟ್ಟಿನವರೆಗೆ ಸವೆದಿದ್ರೆ ಅದರ ಆಯಸ್ಸು ಮುಗಿದಿತ್ತು. ಎಣ್ಣೆ ಹಿಡಿದು ಜಿಡ್ಡಾಗಿದ್ರೆ ಎಂಜಿನ್ನಿನ ಹಿಂದಿನ ಆಯಿಲ್ ಸೀಲು ಅಥವಾ ಗೇರ್‌ಬಾಕ್ಸಿನ ಮುಂದಿನ ಸೀಲು ಸೋರ್ತಿರಬೇಕು. ಅದನ್ನು ಬದಲಾಯಿಸದೆ ಹೊಸ ಪ್ಲೇಟು ಕೂರಿಸೋಕೆ ಬಿಡಬೇಡಿ.