ಫಾರ್ಮಿನಲ್ಲಿ ‘ಇಲ್ಲ’ ಎಂದು ಬರೆಯುವ ಮುನ್ನ

ಸರಕಾರಿ ಉದ್ಯೋಗಕ್ಕೆ ಆಯ್ಕೆಯಾದ ಯುವಕನ ಕೈಗೆ ಕೊನೆಯ ಹಂತದಲ್ಲಿ ಒಂದು ದೃಢೀಕರಣ ಫಾರ್ಮು ಬರುತ್ತದೆ. ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ? ನಿಮ್ಮ ಮೇಲೆ ಮೊಕದ್ದಮೆ ಹೂಡಲಾಗಿದೆಯೇ? ಮುಚ್ಚಳಿಕೆ ಬರೆಸಿಕೊಳ್ಳಲಾಗಿದೆಯೇ? ನ್ಯಾಯಾಲಯ ದಂಡ ವಿಧಿಸಿದೆಯೇ? ಯಾವುದಾದರೂ ಪ್ರಕರಣ ಬಾಕಿ ಇದೆಯೇ? ಕೇಂದ್ರ ಸರಕಾರದ ಫಾರ್ಮಿನ ಆರಂಭದಲ್ಲೇ ಒಂದು ಎಚ್ಚರಿಕೆಯೂ ಇದೆ: ಸುಳ್ಳು ಮಾಹಿತಿ ನೀಡುವುದು ಅಥವಾ ಮಾಹಿತಿ ಮರೆಮಾಚುವುದು ಅನರ್ಹತೆಗೆ ಕಾರಣವಾಗುತ್ತದೆ. ವರ್ಷಗಟ್ಟಲೆ ನಿದ್ದೆಗೆಟ್ಟು ಪರೀಕ್ಷೆಗೆ ಸಿದ್ಧವಾದವರು ಈ ಎಚ್ಚರಿಕೆಯನ್ನು ಮಾತ್ರ ಅರೆಗಣ್ಣಿನಲ್ಲಿ ಓದುತ್ತಾರೆ. ಹಿತೈಷಿಗಳ ಸಲಹೆಯೂ ಸಿದ್ಧವಿರುತ್ತದೆ: “ಅದೆಲ್ಲ ಹಳೆಯ ಕತೆ, ರಾಜಿಯಾಗಿ ಮುಗಿದಿದೆ. ‘ಇಲ್ಲ’ ಎಂದು ಬರೆದುಬಿಡು.”

ಈ ಒಂದು ಪದ ಎಷ್ಟು ದುಬಾರಿಯಾಗಬಹುದು? ರಾಜಸ್ಥಾನದ ಸರಕಾರಿ ವಿದ್ಯುತ್ ಪ್ರಸರಣ ನಿಗಮವೊಂದರಲ್ಲಿ ತಾಂತ್ರಿಕ ಸಹಾಯಕನಾಗಿ ಸೇರಿದ್ದ ಯುವಕನ ಪ್ರಕರಣವನ್ನೇ ನೋಡಿ. ಹೊಡೆದಾಟ ಮತ್ತು ಅಡ್ಡಗಟ್ಟಿದ ಆರೋಪದಲ್ಲಿ ಆತ ಅಪರಾಧಿಯೆಂದು ತೀರ್ಪಾಗಿತ್ತು. ಆದರೆ ಜೈಲು ಶಿಕ್ಷೆಯಾಗದೆ ಸನ್ನಡತೆಯ ಷರತ್ತಿನ ಮೇಲೆ ಬಿಡುಗಡೆ ಸಿಕ್ಕಿತ್ತು. ಉದ್ಯೋಗದ ಘೋಷಣೆಯಲ್ಲಿ ಆತ ಅದನ್ನು ಮುಚ್ಚಿಟ್ಟ. ಹೈಕೋರ್ಟ್ ಆತನ ಪರ ನಿಂತರೂ 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಮ್ ಕೋರ್ಟ್ ವಜಾ ಆದೇಶವನ್ನು ಎತ್ತಿಹಿಡಿಯಿತು. ಹೊಡೆದಾಟ ಸಣ್ಣದೇ ದೊಡ್ಡದೇ ಎಂಬುದಕ್ಕಿಂತ, ಸೇವೆಯ ಆರಂಭದಲ್ಲೇ ಸುಳ್ಳು ಹೇಳಿದವನನ್ನು ಮುಂದೆ ಹೇಗೆ ನಂಬುವುದು ಎಂಬುದೇ ನ್ಯಾಯಾಲಯಕ್ಕೆ ಮುಖ್ಯವಾಯಿತು. ಹೊಡೆದಾಟಕ್ಕೆ ಕ್ಷಮೆ ಸಿಕ್ಕಿತ್ತು; ಸುಳ್ಳಿಗೆ ಸಿಗಲಿಲ್ಲ.

ಹಾಗೆಂದು ಸತ್ಯ ಬರೆದವನಿಗೆ ಬಾಗಿಲು ತಾನಾಗಿ ತೆರೆಯುತ್ತದೆಯೇ? ಅದೂ ಇಲ್ಲ. ಈ ವಿಷಯದಲ್ಲಿ ಇಂದಿಗೂ ಆಧಾರವಾಗಿರುವುದು 2016ರ ಜುಲೈಯಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠ ನೀಡಿದ ತೀರ್ಪು. ಅದರಂತೆ, ಮುಗಿದ ಪ್ರಕರಣವನ್ನು ಪ್ರಾಮಾಣಿಕವಾಗಿ ತಿಳಿಸಿದರೂ ಅಭ್ಯರ್ಥಿಯ ಪೂರ್ವಾಪರವನ್ನು ಪರಿಶೀಲಿಸುವ ಅಧಿಕಾರ ಇಲಾಖೆಗೆ ಉಳಿದಿರುತ್ತದೆ. ನೇಮಕ ಮಾಡಲೇಬೇಕೆಂದು ಯಾರೂ ಬಲವಂತಪಡಿಸುವಂತಿಲ್ಲ. ಆದರೆ ಅದೇ ತೀರ್ಪು ಇಲಾಖೆಗಳ ಕೈಯನ್ನೂ ಕಟ್ಟಿಹಾಕಿದೆ. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣದಲ್ಲಿ ಶಿಕ್ಷೆಯಾಗಿ ಅದನ್ನು ಮರೆಮಾಚಿದ್ದರೂ ಇಲಾಖೆ ಅದನ್ನು ಮನ್ನಿಸಬಹುದು. ಬಾಕಿಯಿರುವ ಸಣ್ಣ ಪ್ರಕರಣವನ್ನು ತಿಳಿಸಿದವನನ್ನು, ಆ ಪ್ರಕರಣದ ತೀರ್ಪಿಗೆ ಒಳಪಟ್ಟು ನೇಮಿಸಿಕೊಳ್ಳಬಹುದು. ಫಾರ್ಮಿನ ಪ್ರಶ್ನೆ ಅಸ್ಪಷ್ಟವಾಗಿದ್ದರೆ ಮರೆಮಾಚಿದ ಆರೋಪ ಹೊರಿಸುವಂತಿಲ್ಲ. 2022ರ ಮೇಯಲ್ಲಿ ರೈಲ್ವೆ ರಕ್ಷಣಾ ಪಡೆಯ ಕಾನ್‌ಸ್ಟೇಬಲ್ ಒಬ್ಬರ ಪ್ರಕರಣದಲ್ಲಿ, ಮಾಹಿತಿ ಮರೆಮಾಚಿದ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ಸೇವೆಯಿಂದ ತೆಗೆಯುವುದು ಸರಿಯಲ್ಲವೆಂದು ನ್ಯಾಯಾಲಯ ಹೇಳಿತು. ಆದರೆ ಇಂತಹ ರಿಯಾಯಿತಿ ಸಿಗುವುದು ವರ್ಷಗಟ್ಟಲೆ ಕೋರ್ಟು ಅಲೆದ ನಂತರ, ಅದೂ ಕೆಲವರಿಗೆ ಮಾತ್ರ. ಅದನ್ನು ನಂಬಿ ಸುಳ್ಳು ಬರೆಯುವುದು ಜೂಜಾಟ.

ಸತ್ಯ ಬರೆದೂ ಅನ್ಯಾಯಕ್ಕೊಳಗಾದ ಉದಾಹರಣೆ ನಮ್ಮ ಓದುಗರಿಗೆ ತಿಳಿದಿರಬೇಕು. ಮಹಾರಾಷ್ಟ್ರದಲ್ಲಿ ನ್ಯಾಯಾಂಗ ಸೇವೆಗೆ 2009ರಲ್ಲಿ ಆಯ್ಕೆಯಾದ ಮುಸ್ಲಿಂ ಯುವಕನೊಬ್ಬ, ತನ್ನ ಮೇಲೆ ಹಿಂದೆ ಇದ್ದ ಅಪಹರಣದ ಪ್ರಕರಣವನ್ನೂ 2004ರಲ್ಲೇ ಅದರಿಂದ ಖುಲಾಸೆಯಾದುದನ್ನೂ ತಾನಾಗಿ ತಿಳಿಸಿದ್ದ. ಆದರೂ ನೇಮಕಾತಿ ರದ್ದಾಯಿತು. ಮೊಕದ್ದಮೆ ಎದುರಿಸಿ ಖುಲಾಸೆಯಾಗಿದ್ದ ಇನ್ನೊಬ್ಬ ಅಭ್ಯರ್ಥಿಗೆ ಮಾತ್ರ ಹುದ್ದೆ ಸಿಕ್ಕಿತ್ತು! 2018ರಲ್ಲಿ ಸುಪ್ರೀಮ್ ಕೋರ್ಟ್ ಈ ತಾರತಮ್ಯವನ್ನು ಗುರುತಿಸಿ ಪ್ರಕರಣದ ಮರುಪರಿಶೀಲನೆಗೆ ಆದೇಶಿಸಿತು. ಆತ ಗೆಲ್ಲಲು ಕಾರಣವೇನು? ಆತನ ಫಾರ್ಮಿನಲ್ಲಿ ಸುಳ್ಳಿರಲಿಲ್ಲ, ಕೈಯಲ್ಲಿ ಖುಲಾಸೆಯ ತೀರ್ಪಿತ್ತು.

ಈ ಎರಡನೆಯ ಸಂಗತಿಯಲ್ಲೇ ನಮ್ಮ ಕುಟುಂಬಗಳು ಹಿಂದೆ ಬಿದ್ದಿವೆ. ಪ್ರಕರಣ ಮುಗಿದ ದಿನ ನ್ಯಾಯಾಲಯದಿಂದ ಹೊರಬಂದರೆ ಮತ್ತೆ ಆ ಕಡೆ ತಿರುಗಿ ನೋಡುವವರಿಲ್ಲ. ತೀರ್ಪಿನ ದೃಢೀಕೃತ ಪ್ರತಿ ಪಡೆದು ಮನೆಯಲ್ಲಿ ಇಟ್ಟುಕೊಂಡವರು ಎಷ್ಟು ಮಂದಿ? ಎಷ್ಟೋ ಮಂದಿಗೆ ತಮ್ಮ ಪ್ರಕರಣ ಖುಲಾಸೆಯಾಯಿತೇ, ರಾಜಿಯಾಯಿತೇ, ದಂಡದಲ್ಲಿ ಮುಗಿಯಿತೇ ಎಂಬುದೇ ಗೊತ್ತಿಲ್ಲ. ಕಾನೂನಿನ ಪ್ರಕಾರ ನ್ಯಾಯಾಲಯದಲ್ಲಿ ದಾಖಲಾದ ರಾಜಿ ಖುಲಾಸೆಗೆ ಸಮ. ಆದರೆ ತಪ್ಪೊಪ್ಪಿಕೊಂಡು ದಂಡ ಕಟ್ಟುವುದು ಹಾಗಲ್ಲ, ಅದು ಶಿಕ್ಷೆ. ಬೀದಿ ಜಗಳ, ಇಸ್ಪೀಟು, ಅನುಮತಿಯಿಲ್ಲದ ಮೆರವಣಿಗೆ ಇಂತಹ ಪ್ರಕರಣಗಳಲ್ಲಿ “ಒಪ್ಪಿಕೊಂಡು ದಂಡ ಕಟ್ಟಿ, ಇವತ್ತೇ ಮುಗಿಯುತ್ತದೆ” ಎಂದು ವಕೀಲರೇ ಸಲಹೆ ಕೊಡುವುದುಂಟು. ಇಪ್ಪತ್ತರ ಯುವಕನ ಹೆತ್ತವರು ಅಂದು ಕಡಿಮೆ ಖರ್ಚಿನ ದಾರಿ ಎಂದುಕೊಂಡದ್ದು ಮುಂದೆ ಆತನ ಹೆಸರಿನ ಮುಂದೆ ಅಪರಾಧ ನಿರ್ಣಯವಾಗಿ ನಿಲ್ಲುತ್ತದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎಚ್ಚರಿಕೆ ನೀಡಿ ಬಿಡುವಂತೆ ಕೇಳಬಹುದಿತ್ತು. ಅದರ 12ನೇ ಕಲಮು ಶಿಕ್ಷೆಗೆ ಅಂಟಿದ ಅನರ್ಹತೆಯನ್ನು ದೂರ ಮಾಡುತ್ತದೆ. ಆದರೆ ತೀರ್ಪು ಅಳಿಸಿಹೋಗುವುದಿಲ್ಲ, ಫಾರ್ಮಿನಲ್ಲಿ ಬರೆಯಲೇಬೇಕು. ರಾಜಸ್ಥಾನದ ಯುವಕ ಎಡವಿದ್ದು ಅಲ್ಲೇ.

ಇನ್ನು ಮುಚ್ಚಳಿಕೆ. ಹಬ್ಬ, ಚುನಾವಣೆ ಹತ್ತಿರ ಬಂದಾಗ ಶಾಂತಿಭಂಗದ ಮುನ್ನೆಚ್ಚರಿಕೆಯ ಹೆಸರಿನಲ್ಲಿ ಯುವಕರನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳುವುದು ನಮ್ಮ ಪಟ್ಟಣಗಳಿಗೆ ಹೊಸತಲ್ಲ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮು. ಅದು ಅಪರಾಧವೂ ಅಲ್ಲ, ಶಿಕ್ಷೆಯೂ ಅಲ್ಲ. ಆದರೂ ಫಾರ್ಮು ಅದನ್ನು ಕೇಳುತ್ತದೆ. ಏನೂ ಮಾಡದವನಿಂದಲೂ ಬರೆಸಿಕೊಂಡ ಕಾಗದವೊಂದು ಆತನ ಪೂರ್ವಾಪರದ ಭಾಗವಾಗುವುದು ಯಾವ ನ್ಯಾಯ? ಹಬ್ಬದ ಮುನ್ನ ಶಾಂತಿಸಭೆಗೆ ಹೋಗಿ ಚಹಾ ಕುಡಿದು ಬರುವ ನಮ್ಮ ಮುಖಂಡರು ಈ ಪ್ರಶ್ನೆಯನ್ನು ಅಲ್ಲೇ ಎತ್ತಲಿ. ಯಾರ ಮೇಲೆ, ಯಾವ ಮಾಹಿತಿಯ ಆಧಾರದಲ್ಲಿ ಎಂದು ಕೇಳಲಿ. ನೋಟೀಸಿಗೆ ಆಕ್ಷೇಪ ಸಲ್ಲಿಸುವ ಅವಕಾಶ ಕಾನೂನಿನಲ್ಲೇ ಇರುವಾಗ ತೆಪ್ಪಗೆ ಸಹಿ ಹಾಕುವುದೇಕೆ?

ಹದಿನೆಂಟು ತುಂಬುವ ಮೊದಲಿನ ತಪ್ಪುಗಳ ವಿಷಯ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನಂತೆ, ಹದಿನಾರು ದಾಟಿ ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೊಳಗಾದವರ ಹೊರತು ಉಳಿದ ಮಕ್ಕಳಿಗೆ ಆ ತೀರ್ಪು ಅನರ್ಹತೆಯಾಗುವುದಿಲ್ಲ. ಕೇಂದ್ರೀಯ ಭದ್ರತಾ ಪಡೆಯೊಂದರ ಅಭ್ಯರ್ಥಿಯ ವಿಷಯದಲ್ಲಿ 2019ರಲ್ಲಿ ಸುಪ್ರೀಮ್ ಕೋರ್ಟ್ ಇದನ್ನೇ ಎತ್ತಿಹಿಡಿಯಿತು.

ಹಾಗಾದರೆ ಹತ್ತೊಂಬತ್ತರಲ್ಲಿ ಮಾಡಿದ ಸಣ್ಣ ತಪ್ಪು ಮೂವತ್ತರಲ್ಲೂ ಕಾಡಬೇಕೇ? ಬ್ರಿಟನ್ನಿನಲ್ಲಿ 1974ರಲ್ಲೇ ಇದಕ್ಕೊಂದು ಕಾಯ್ದೆ ಬಂತು. ಸಣ್ಣ ಶಿಕ್ಷೆಯ ನಂತರ ನಿಗದಿತ ಅವಧಿಯನ್ನು ಮತ್ತೆ ತಪ್ಪು ಮಾಡದೆ ಕಳೆದವನು ಹೆಚ್ಚಿನ ಉದ್ಯೋಗಗಳಿಗೆ ಅದನ್ನು ಹೇಳಬೇಕಾಗಿಯೇ ಇಲ್ಲ. ಪೊಲೀಸ್‌ನಂತಹ ಸೂಕ್ಷ್ಮ ಹುದ್ದೆಗಳಿಗೆ ಮಾತ್ರ ಹೇಳಬೇಕು. ನಮ್ಮಲ್ಲಿ ವಯಸ್ಕರಿಗೆ ಅಂತಹ ಕಾನೂನಿಲ್ಲ. ಪಶ್ಚಾತ್ತಾಪಪಟ್ಟು ಬದಲಾದವನಿಗೆ ಅಲ್ಲಾಹನ ಬಾಗಿಲು ತೆರೆದಿದೆ ಎಂದು ನಂಬುವವರಿಗೆ ಸರಕಾರದ ಬಾಗಿಲನ್ನೂ ತಟ್ಟುವ ಹಕ್ಕಿದೆ. ಮೀಸಲಾತಿಯ ಬೇಡಿಕೆ ಹೊತ್ತು ಶಾಸಕರ ಬಳಿ ಹೋಗುವ ನಿಯೋಗಗಳ ಮನವಿಪತ್ರದಲ್ಲಿ ಇದಕ್ಕೂ ಒಂದು ಸಾಲು ಇರಲಿ. ಅಲ್ಲಿಯವರೆಗೆ ಪ್ರತಿ ಜಮಾಅತಿನಲ್ಲಿ ಕಾನೂನು ಬಲ್ಲ ಒಬ್ಬರು ವಾರಕ್ಕೊಂದು ಸಂಜೆ ಕುಳಿತು ಮೊಹಲ್ಲಾದ ಯುವಕರ ಹಳೆಯ ಪ್ರಕರಣಗಳ ಸಂಖ್ಯೆ ಬರೆದುಕೊಂಡು ತೀರ್ಪಿನ ಪ್ರತಿಗಳಿಗೆ ಅರ್ಜಿ ಹಾಕಿಸಲಿ. ಅದಕ್ಕೆ ತಗಲುವ ವೆಚ್ಚ ಒಂದು ಸಮ್ಮೇಳನದ ಶಾಮಿಯಾನದ ಬಾಡಿಗೆಗಿಂತ ಕಡಿಮೆ.