ಮೆಟ್ಟಿದವರೇ ಎಣ್ಣೆ ಹಚ್ಚಲಿ

ನಮ್ಮ ಚಿಕ್ಕೋಡಿ ಕಡೆ ಮಿರಗದ ಮಳೆ ಹಿಡಿಯಿತೆಂದರೆ ಚರ್ಮದ ಚಪ್ಪಲಿಗಳು ಮೂಲೆ ಸೇರುತ್ತವೆ. ಕೆಸರು ಒಣಗಿ ದೀಪಾವಳಿ ಹತ್ತಿರ ಬಂದಾಗ ಮಂಚದ ಕೆಳಗಿನಿಂದ ಅವನ್ನು ಎಳೆದು ತೆಗೆಯುತ್ತೇವೆ. ಮೇಲೆ ಬಿಳಿ ಬೂಷ್ಟು ಬಂದಿರುತ್ತದೆ, ಪಟ್ಟಿ ಕಟ್ಟಿಗೆಯಂತಾಗಿರುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಈಗಿನ ಚಪ್ಪಲಿ ಮೊದಲಿನಂಗ ಇಲ್ಲ ಬಿಡ್ರಿ."

ಆ ಮಾತು ಸುಳ್ಳೆಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಾಳು ಮಾಡಿದವರು ನಾವು. ದೂರು ಮಾತ್ರ ಹೊಲಿದವರ ಮೇಲೆ.

ನಾನೂ ಹಾಗೆ ದೂರಿದವಳೇ. ಅಣ್ಣನ ಮಗಳ ಮದುವೆಗೆಂದು ಅಥಣಿಯಿಂದ ತಂದಿದ್ದ ಜೋಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಟ್ರಂಕಿನ ಹಿಂದೆ ಇಟ್ಟಿದ್ದೆ. ಎರಡು ಮಳೆಗಾಲ ಕಳೆದ ಮೇಲೆ ಒಂದು ದಿನ ತೆಗೆದವಳೇ ಮೆಟ್ಟಿಕೊಂಡು ಸಾಲಿಗೆ ಹೊರಟೆ. ಗೇಟು ಮುಟ್ಟುವುದರೊಳಗೆ ಹೆಬ್ಬೆರಳು ತೂರಿಸುವ ಪಟ್ಟಿ ಪಟ್ಟನೆ ಹರಿಯಿತು. ಮುಂದಿನ ರವಿವಾರ ಬಸ್ಸು ಹತ್ತಿ ಅಥಣಿಗೆ ಹೋಗಿ, ಹೊಲಿದುಕೊಟ್ಟವರ ಮನೆಯ ಮುಂದೆ ನಿಂತು ನಾಲ್ಕು ಮಂದಿ ಕೇಳುವಂತೆ ಮಾತಾಡಿದೆ. ಆ ಮನೆಯ ಹೆಣ್ಣುಮಗಳು ಕಟ್ಟೆಯ ಮೇಲೆ ಚರ್ಮದ ಎಳೆಗಳನ್ನು ಹೆಣೆಯುತ್ತ ಕುಳಿತಿದ್ದಳು. ಚಪ್ಪಲಿಯನ್ನು ಕೈಗೆ ತೆಗೆದುಕೊಂಡು, ಮೂಸಿ ನೋಡಿ, ಮೆಲ್ಲಗೆ ಬಗ್ಗಿಸಿ ಕೇಳಿದಳು:

"ಅಕ್ಕಾರ, ಇದಕ್ಕ ಎಣ್ಣಿ ಯಾವಾಗ ಹಚ್ಚಿದ್ರಿ?"

"ಚಪ್ಪಲಿಗೆ ಯಾತರ ಎಣ್ಣಿ ತಂಗಿ?"

"ತಲಿಗೆ ಎಂಟು ದಿನಕ್ಕೊಮ್ಮೆ ಹಚ್ಕೋತೀರಿ. ಇದೂ ತೊಗಲ ಅಲ್ಲೇನ್ರಿ?"

ನಾನು ಬಿಎ, ಬಿಎಡ್ ಮಾಡಿಕೊಂಡವಳು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಪಟ್ಟಿ ಕೂಡಿಸಿಕೊಟ್ಟು, ಹೇಗೆ ಇಟ್ಟುಕೊಳ್ಳಬೇಕೆಂಬುದನ್ನೂ ಆಕೆಯೇ ಹೇಳಿಕೊಟ್ಟಳು.

ಈ ಭಾಗದ ಚಪ್ಪಲಿಯ ತೊಗಲು ಹದವಾಗುವುದು ಜಾಲಿಯ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ. ಹೊಲಿಗೆಯೂ ಚರ್ಮದ ಎಳೆಯದೇ, ಮೊಳೆಯ ಮಾತಿಲ್ಲ. ಇಂಥ ತೊಗಲು ನೀರನ್ನೂ ಕುಡಿಯುತ್ತದೆ, ಎಣ್ಣೆಯನ್ನೂ ಕುಡಿಯುತ್ತದೆ. ಬಹಳ ದಿನ ಸುಮ್ಮನಿಟ್ಟರೆ ಒಳಗಿನ ಜಿಡ್ಡು ಆರಿ ಎಳೆಗಳು ಬಿರುಸಾಗುತ್ತವೆ. ಆ ಹೊತ್ತಿನಲ್ಲಿ ಮೆಟ್ಟಿ ನಡೆದರೆ ಬಿರಿಯದೆ ಇನ್ನೇನಾದೀತು? ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರಂತೂ ತೇವ ಒಳಗೇ ನಿಂತು ಬೂಷ್ಟಿಗೆ ಹಬ್ಬ.

ಮಾಡಬೇಕಾದದ್ದು ಇಷ್ಟೇ. ಹೊರಗೆ ಗಾಳಿಯಲ್ಲಿ ಒಣ ಬ್ರಶ್ಶಿನಿಂದ ಬೂಷ್ಟು ಝಾಡಿಸಬೇಕು. ಹಿಂಡಿದ ಬಟ್ಟೆಯಿಂದ ಒರೆಸಬೇಕೇ ಹೊರತು ನೀರಿನಲ್ಲಿ ಅದ್ದಬಾರದು. ನೆರಳಲ್ಲಿ ಆರಬೇಕು, ಬಿಸಿಲು, ಒಲೆಯ ಕಾವು ಬೇಡ. ಆಮೇಲೆ ಔಡಲೆಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಬಟ್ಟೆಯ ಚೂರಿನಿಂದ ತೆಳ್ಳಗೆ ಸವರಬೇಕು, ಹೊಲಿಗೆಯ ಸಂದಿಗೂ ಮುಟ್ಟಿಸಬೇಕು. ಬಣ್ಣ ತುಸು ಕಪ್ಪಾಗುತ್ತದೆ, ಅಂಜಬೇಕಾಗಿಲ್ಲ. ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಒರೆಸಿ, ಇನ್ನೂ ಬಿರುಸೆನಿಸಿದರೆ ಮತ್ತೊಮ್ಮೆ. ಮೊದಲ ದಿನ ಅಂಗಳದಲ್ಲಷ್ಟೇ ಮೆಟ್ಟಿ ಅಡ್ಡಾಡಬೇಕು. ತಿರುಗಿ ಇಡುವಾಗ ಅರಿವೆಯ ಚೀಲ, ಗಾಳಿಯಾಡುವ ಜಾಗ.

ಇದೇನು ದೊಡ್ಡ ವಿದ್ಯೆಯೇ? ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತೇವೆ. ರೊಟ್ಟಿ ಹಂಚಿಗೆ ಎಣ್ಣೆ ಸವರಿ ಇಡುತ್ತೇವೆ. ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ಅರ್ಧ ದಿನ ತಿಕ್ಕುತ್ತೇವೆ. ಚಪ್ಪಲಿಯ ಹತ್ತಿರ ಬಂದಾಗಷ್ಟೇ ನಮಗೆ ವೇಳೆ ಇರುವುದಿಲ್ಲ.

ವೇಳೆಯ ಮಾತು ನೆಪ. ಮೊದಲ ಸಲ ನಾನು ಎಣ್ಣೆ ಬಟ್ಟಲು ಹಿಡಿದು ಕುಳಿತಾಗ ನಮ್ಮ ಅತ್ತೆಯವರು ಅಂದರು: "ದೇವರ ದೀಪಾ ಹಚ್ಚೋ ಕೈಲೆ ಕಾಲ್ಮರಿ ತಿಕ್ಕತೀಯೇನವಾ? ಕಸಾ ಹೊಡಿಯೋ ಹುಡಿಗಿಗೆ ಹೇಳಬಾರದ?" ಅದರಲ್ಲಿ ಎಲ್ಲವೂ ಬಂತು. ತೊಗಲು ಕಾಲಿಗೆ ಬೇಕು, ಕೈಗೆ ಬೇಡ. ಅದನ್ನು ಹದ ಮಾಡುವ ಢೋರರು, ಹೊಲಿಯುವ ಸಮಗಾರರು ಊರಿಗೆ ಬೇಕು, ಅಂಗಳಕ್ಕೆ ಬೇಡ. ಅಷ್ಟು ಸಾಲದೆಂದು, ನಾವು ಮುಟ್ಟಲಾರದ್ದನ್ನು ಮುಟ್ಟಲು ಇನ್ನೊಂದು ಬಡ ಹುಡುಗಿ ಬೇಕು.

ನಮ್ಮಲ್ಲಿ ಎಷ್ಟು ಜನ ಬಸವ ಜಯಂತಿಗೆ ಭಾಷಣ ಮಾಡಿಲ್ಲ! ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದರೆಂದೂ ಬಸವಣ್ಣ ಅದನ್ನು ಮೆಟ್ಟಲೊಲ್ಲದೆ ತಲೆಯ ಮೇಲೆ ಹೊತ್ತನೆಂದೂ ಮಕ್ಕಳಿಗೆ ಹೇಳುತ್ತೇವೆ, ಹೇಳುವಾಗ ಕಣ್ಣೊರೆಸಿಕೊಳ್ಳುತ್ತೇವೆ. ಆತ ತಲೆಯ ಮೇಲಿಟ್ಟ ವಸ್ತುವನ್ನು ಹತ್ತು ನಿಮಿಷ ಕೈಯಲ್ಲಿ ಹಿಡಿಯಲಾರೆವೆಂದರೆ ಆ ಕಣ್ಣೀರು ಯಾಕೆ?

ಹಿಮ ಬೀಳುವ ದೇಶಗಳಲ್ಲಿ ಸ್ಕೀ ಎಂಬ ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಜಾರುತ್ತಾರೆ. ಬೇಸಿಗೆಯಲ್ಲಿ ಮೂಲೆ ಸೇರಿದ್ದನ್ನು ಚಳಿಗೆ ಮುಂಚೆ ತೆಗೆದು, ಒರೆಸಿ, ಮೇಣ ಕಾಯಿಸಿ ಬಳಿಯುತ್ತಾರೆ. ನಾರ್ವೆಯಂಥ ಕಡೆ ಕಲಿತವರೂ ಇದನ್ನು ತಮ್ಮ ಕೈಯಾರೆ ಮಾಡುತ್ತಾರೆ, ಮಕ್ಕಳಿಗೂ ಕಲಿಸುತ್ತಾರೆ. ಕಾಲಿಗೆ ಕಟ್ಟುವ ವಸ್ತುವೆಂದು ಅಲ್ಲಿ ಯಾರ ಕೈಯೂ ಮೈಲಿಗೆಯಾಗುವುದಿಲ್ಲ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅಂಥವೇ ಚಪ್ಪಲಿಗಳನ್ನು ಮೂಲದ ಹೆಸರು ಹೇಳದೆ ತೋರಿಸಿದಾಗ ನಮ್ಮವರಿಗೆಲ್ಲ ಸಿಟ್ಟು ಬಂತು. ಬರಬೇಕಾದದ್ದೇ, ಕಂಪನಿಯೂ ಆಮೇಲೆ ಮೂಲವನ್ನು ಒಪ್ಪಿಕೊಂಡಿತು. ಆದರೆ ಹೊಲಿದ ಕೈಗಳ ಹೆಸರು ನಾವಾದರೂ ಯಾವಾಗ ಕೇಳಿದ್ದೇವೆ? ಆ ಕೈಗಳಲ್ಲಿ ಹೆಂಗಸರವೂ ಬಹಳ ಇವೆ. ಹೆಣಿಗೆ, ಅಲಂಕಾರದ ಕೆಲಸ ಹೆಚ್ಚಾಗಿ ಅವರದೇ. ಟೋಹೋಲ್ಡ್ ಹೆಸರಿನಲ್ಲಿ ಅಥಣಿಯ ಸ್ವಸಹಾಯ ಗುಂಪುಗಳ ಹೆಂಗಸರು ಹೊರದೇಶಗಳ ಪೇಟೆಯವರೆಗೂ ಚಪ್ಪಲಿ ಮುಟ್ಟಿಸಿದರು. ಅದೇ ಕೈಗಳೊಂದಿಗೆ ನಾವು ಐವತ್ತು ರೂಪಾಯಿಗೆ ಚೌಕಾಶಿ ಮಾಡುತ್ತೇವೆ, ಎಣ್ಣೆ ಕಾಣಿಸದೆ ಕೆಡಿಸಿ ತಿರುಗಿ ಜಗಳಕ್ಕೆ ಹೋಗುತ್ತೇವೆ.

ರಬ್ಬರಿನದು ಸೋವಿ, ಅದಕ್ಕೆ ಯಾವ ಉಪಚಾರವೂ ಬೇಡ ಎನ್ನುವವರಿದ್ದಾರೆ. ಬೇಕಾದರೆ ಮೆಟ್ಟಲಿ. ಆದರೆ ತೊಗಲಿನದನ್ನು ಕೊಂಡ ಮೇಲೆ ಅದರ ಹೊಣೆ ಕೊಂಡವರದು.

ಅಂದು ಅತ್ತೆಯವರಿಗೆ ನಾನು, "ಕೈ ತೊಳಕೊಂಡು ದೀಪಾ ಹಚ್ಚತೀನ್ರಿ" ಎಂದೆ. ಅವರು ಮುಖ ತಿರುಗಿಸಿ ಕುಳಿತರು. ಸಂಜೆ ಕೈ ತೊಳೆದು ದೀಪ ಹಚ್ಚಿದೆ, ಅದು ಎಂದಿನಂತೆಯೇ ಉರಿಯಿತು. ಈಗ ದಸರೆ ಮುಗಿದ ಮೊದಲ ರವಿವಾರ ನಮ್ಮ ಮನೆಯಲ್ಲಿ ಎಲ್ಲರೂ ತಂತಮ್ಮ ಜೋಡು ತೆಗೆದುಕೊಂಡು ಪಡಸಾಲೆಯಲ್ಲಿ ಕೂಡುತ್ತೇವೆ. ಯಜಮಾನರದಕ್ಕೂ ನಾನು ಕೈ ಹಾಕುವುದಿಲ್ಲ. ಅವರದನ್ನು ಅವರೇ ತಿಕ್ಕಿಕೊಳ್ಳುತ್ತಾರೆ.